ಅತ್ತೆಯ ಅಂಗೈ ಮತ್ತು ಬಿ ಹನ್ನೆರಡು

ತುಮಕೂರಿನ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರದ ಪಾಠ ಮಾಡಿ ಮಾಡಿ ನನಗೆ ಸಾಕಾಗಿದೆ. ಕಿಣ್ವದ ಮೈಯಲ್ಲೊಂದು ಗುಳಿ, ಕೆಲವು ಕಿಣ್ವಗಳು ಆ ಗುಳಿಯಲ್ಲಿ ಬಿ ಹನ್ನೆರಡು ಬಂದು ಕೂತರೇ ಕೆಲಸ ಮಾಡುವುದು, ಆ ವಿಟಮಿನ್ನಿನ ನಟ್ಟನಡುವೆ ಒಂದು ಕೋಬಾಲ್ಟ್ ಪರಮಾಣು, ಅದನ್ನು ಕಟ್ಟುವ ವಿದ್ಯೆ ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳಿಗೆ ಮಾತ್ರ ಗೊತ್ತು, ಗಿಡಕ್ಕೂ ಬರದು, ಹಸುವಿಗೂ ಬರದು. ಬೋರ್ಡಿನ ಮೇಲೆ ಆ ಚಿತ್ರ ಬರೆಯುವಾಗ ವಿದ್ಯಾರ್ಥಿಗಳು ಆಕಳಿಸುತ್ತಾರೆ. ನಾನು ಬೈಯುವುದಿಲ್ಲ, ನನಗೂ ಆಕಳಿಕೆ ಬರುತ್ತದೆ.

ಇದೇ ಪಾಠವನ್ನು ಮನೆಯಲ್ಲೂ ಮಾಡಬೇಕಾಗಿ ಬಂತು. ನಮ್ಮ ಜೊತೆಗಿರುವ ಅತ್ತೆ ಗುಬ್ಬಿ ಕಡೆಯವರು, ಕಟ್ಟಾ ಶಿವಭಕ್ತೆ. ಬೆಳಿಗ್ಗೆ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ನೀರೂ ಮುಟ್ಟುವವರಲ್ಲ. ಅವರ ಕೈಕಾಲು ಜೋಮು ಹಿಡಿಯತೊಡಗಿದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಬಿ ಹನ್ನೆರಡು ತಳ ಕಂಡಿತ್ತು. ವಯಸ್ಸಾದ ಮೇಲೆ ಹಾಲು ಮೊಸರಿನಲ್ಲಿರುವುದು ಸರಿಯಾಗಿ ಮೈಗೆ ಹತ್ತುವುದಿಲ್ಲ, ಇಂಜೆಕ್ಷನ್ ಬೇಕು, ತಡಮಾಡಿದರೆ ನರಗಳು ಹೋಗುತ್ತವೆ ಎಂದರು ಡಾಕ್ಟರು. ಅಷ್ಟಕ್ಕೆ ಸುಮ್ಮನಿರದೆ, ಮಾಂಸ ತಿನ್ನುವವರಲ್ಲಿ ಈ ತೊಂದರೆ ಕಡಿಮೆ ಎಂದೂ ಸೇರಿಸಿದರು. ಅಲ್ಲಿಗೆ ಮುಗಿಯಿತು.

"ಮಾಂಸದ್ ಸೂಜಿ ನಂಗ್ ಬ್ಯಾಡ ಕಣವ್ವ," ಅಂದರು ಅತ್ತೆ.

"ಮಾಂಸ ಅಲ್ಲ ಅತ್ತೆ, ಬ್ಯಾಕ್ಟೀರಿಯಾ ಮಾಡೋದು. ಕಣ್ಣಿಗೇ ಕಾಣಲ್ಲ."

"ಅವಕ್ಕೆ ಜೀವ ಇಲ್ವಾ?"

ದಿನವಿಡೀ ಪಾಠ ಹೇಳಿ ಬಂದು ಚಪಾತಿ ಹಿಟ್ಟು ನಾದುತ್ತಿದ್ದೆ. ತಾಳ್ಮೆ ಕೆಟ್ಟು, "ನೀವ್ ದಿನಾ ತಿನ್ನೋ ಮೊಸರಲ್ಲೂ ಬ್ಯಾಕ್ಟೀರಿಯಾ ಇರ್ತವೆ, ಅವಕ್ಕೂ ಜೀವ ಇದೆ," ಅಂದುಬಿಟ್ಟೆ. ವಾದದಲ್ಲಿ ಗೆದ್ದೆ ಅಂದುಕೊಂಡೆ. ಮಾರನೆಯ ದಿನದಿಂದ ಅತ್ತೆ ಮೊಸರು ಬಿಟ್ಟರು, ಮಜ್ಜಿಗೆಯನ್ನೂ ಬಿಟ್ಟರು. ಮೈಗೆ ಸಿಗುತ್ತಿದ್ದ ಒಂದಿಷ್ಟಕ್ಕೂ ನಾನೇ ಕಲ್ಲು ಹಾಕಿದ್ದೆ. ಕುಣಿಗಲ್‌ನಲ್ಲಿ ಕೆಲಸದಲ್ಲಿರುವ ನನ್ನ ಗಂಡ ಫೋನಿನಲ್ಲಿ, "ನೀನೇ ಏನಾದ್ರೂ ಹೇಳಿ ಒಪ್ಸು" ಎನ್ನುತ್ತಿದ್ದರು. ಹೇಳಿದ್ದರಿಂದಲೇ ಹೀಗಾಗಿದ್ದು.

ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವಳು ದೇವರ ಮನೆಯತ್ತ ನೋಡಿದೆ. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ಎಡಗೈ ಎದೆಯ ಮಟ್ಟಕ್ಕೆ ಎತ್ತಿದಂತೆಯೇ ಇತ್ತು, ಅಂಗೈ ಮಾತ್ರ ಖಾಲಿ. ಲಿಂಗ ಜಾರಿ ಮಡಿಲಲ್ಲಿ ಬಿದ್ದಿತ್ತು. ಅವರಿಗದು ತಿಳಿದೇ ಇರಲಿಲ್ಲ.

"ಅತ್ತೆ," ಎಂದೆ. ಅವರು ಕಣ್ಣು ತೆರೆದು ಅಂಗೈ ನೋಡಿಕೊಂಡರು, ಮಡಿಲು ನೋಡಿಕೊಂಡರು. ಬಲಗೈಯಲ್ಲಿ ಲಿಂಗ ಎತ್ತಿ ಕಣ್ಣಿಗೊತ್ತಿಕೊಂಡರು. ಆಮೇಲೆ, "ಆ ಸೂಜಿ ಎಲ್ಲಿ ಹಾಕ್ತಾರೋ ಅಲ್ಲಿಗ್ ಕರ್ಕೊಂಡ್ ಹೋಗವ್ವ," ಅಂದರು.

ಇಂಜೆಕ್ಷನ್ ನಡೆಯುತ್ತಿದೆ. ಕಾಲು ಕೊಂಚ ವಾಸಿ. ತಡವಾಗಿರುವುದರಿಂದ ಕೈ ಪೂರ್ತಿ ಸರಿಹೋಗುತ್ತದೆಂದು ಹೇಳಲಾರೆ ಎನ್ನುತ್ತಾರೆ ಡಾಕ್ಟರು. ಮೊಸರನ್ನಂತೂ ಅತ್ತೆ ಇನ್ನೂ ಮುಟ್ಟಿಲ್ಲ. ಈಗ ದಿನಾ ಬೆಳಿಗ್ಗೆ, ಬಸ್ಸಿಗೆ ಹೊತ್ತಾಗುತ್ತಿದ್ದರೂ, ಅವರ ಪಕ್ಕ ಕೂತು ಅವರ ಎಡಗೈಯ ಕೆಳಗೆ ನನ್ನ ಕೈ ಹಿಡಿಯುತ್ತೇನೆ. ಹಾಗೆ ಹಿಡಿಯಲು ಅವರೇ ಹೇಳಿದ್ದು. ಲಿಂಗದ ಭಾರ ಅವರ ಕೈ ದಾಟಿ ನನಗೆ ತಿಳಿಯುತ್ತದೆ.

"ಐತಾ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ.

"ಇದೆ ಅತ್ತೆ," ಎನ್ನುತ್ತೇನೆ.