ತೊಯ್ಯದ ಮಳೆಮಾಪಕ

ಸುರಿಯುವ ಮಳೆಯಲ್ಲಿ ತೋಟದಿಂದ ಮನೆಗೆ ಓಡಿ ಬಂದರೆ, ಪಕ್ಕದ ಮನೆಯ ಗಂಗವ್ವ ಆಯಿ ನಮ್ಮ ಅಂಗಳದಲ್ಲಿ ನಿಂತು ನನ್ನ ಮಳೆಮಾಪಕದ ಮೇಲೆ ಹಿಟ್ಟು ನಾದುವ ಪರಾತ ಬೋರಲು ಹಾಕುತ್ತಿದ್ದರು!

ತೊಂಬತ್ತರ ದಶಕದ ಮಾತು. ಸತ್ತಿ ಊರಿನ ನಮ್ಮ ದ್ರಾಕ್ಷಿ ತೋಟಕ್ಕೆ ಮಳೆಯಾದಾಗಲೆಲ್ಲ ರೋಗದ ಭಯ; ಎಷ್ಟು ಮಳೆಯಾಯಿತೆಂದು ನೋಡಿಕೊಂಡು ಔಷಧ ಹೊಡೆಯಬೇಕೆಂದು ಆ ಮಾಪಕವನ್ನು ಆರಿಸಿ ತಂದಿದ್ದೆ. ಹದಿನೈದು ದಿನದಿಂದ ಅದರಲ್ಲಿ ಹನಿ ನೀರಿರಲಿಲ್ಲ. ಕಾಲಡಿ ಕೆಸರಿದ್ದರೂ ಮಾಪಕವನ್ನೇ ನಂಬಿ ಔಷಧ ಹೊಡೆಯದೆ ಕುಳಿತಿದ್ದೆ. ಎಲೆಗಳಿಗೆ ರೋಗ ಹತ್ತಿತ್ತು.

“ಆಯಿ, ಇದೇನ್ ಮಾಡಾಕತ್ತೀರಿ?”

“ದಿನಾ ಅರಿವಿಲೆ ಒರಸಿ ಇಡ್ತಿಯಲ್ಲೋ ತಮ್ಮಾ, ತೊಯ್ದು ಕೆಟ್ಟೀತಂತ ಮಳಿ ಬಂದಾಗೆಲ್ಲ ನಾನ ಮುಚ್ಚತೀನಿ. ನಿಂತ ಮ್ಯಾಲ ತಗೀತೀನಿ.”

ತಾವು ಪೂರ್ತಿ ತೊಯ್ದು ನಿಂತಿದ್ದ ಅವರನ್ನು ಬೈಯುವ ಬದಲು ಒಳಗೆ ಕರೆದು ಒಣ ಟವೆಲ್ ಕೊಟ್ಟೆ. ಅಂದಿನಿಂದ ಮಾಪಕ ನೋಡುವ ಮೊದಲು, “ಆಯಿ, ಇವತ್ತ ಮಳಿ ಆತೇನ್ರಿ?” ಎಂದು ಅವರನ್ನೇ ಕೇಳುತ್ತಿದ್ದೆ.