ಏಳನೇ ಮಂಚದ ವರದಿ

ಮುಳಬಾಗಿಲಿನ ಒಂದು ಖಾಸಗಿ ಆಸ್ಪತ್ರೆಯ ಹೊಸ ನರ್ಸುಗಳಿಗೆ ಸರಳವಾಗಿ ಬರೆಯುವುದು ಹೇಗೆಂದು ಹೇಳಿಕೊಡಲು ನನ್ನನ್ನು ಕರೆದಿದ್ದರು. ಇಪ್ಪತ್ತು ವರ್ಷ ಪತ್ರಿಕೆಗಳಿಗೆ ಹಾಸ್ಯ ಬರೆದವನಿಗೆ ಸಿಕ್ಕಿದ ಮೊದಲ ಗಂಭೀರ ಆಹ್ವಾನ. ಶಾಲು ಸರಿಪಡಿಸಿಕೊಂಡು ಒಳಗೆ ಕಾಲಿಟ್ಟವನೇ ಒದ್ದೆ ನೆಲದ ಮೇಲೆ ಜಾರಿ, ಹದಿನಾಲ್ಕು ಹುಡುಗಿಯರ ಮುಂದೆ ಅಂಗಾತ ಬಿದ್ದೆ. ಪಂಚೆ ಎಲ್ಲಿಗೆ ಹೋಗಿತ್ತೆಂದು ಬರೆಯುವುದಿಲ್ಲ.

ಹಿರಿಯ ನರ್ಸ್ ಗಂಗರತ್ನಮ್ಮ ನನ್ನ ಸೊಂಟ ಮುಟ್ಟಿ ನೋಡಿ, ಏನೂ ಮುರಿದಿಲ್ಲವೆಂದು ಖಚಿತ ಮಾಡಿಕೊಂಡು ಹುಡುಗಿಯರ ಕಡೆ ತಿರುಗಿದರು. "ಒಳ್ಳೇದಾಯ್ತು. ಎಲ್ಲಾರೂ ಪೆನ್ನು ತೆಗೀರಿ. ಸಾರ್ ಬಿದ್ದಿದ್ದರ ವರದಿ ಬರೀರಿ."

ಮೊದಲ ಹುಡುಗಿ ಓದಿದಳು: "ಮಾನ್ಯ ಸಾಹಿತಿಗಳು ದೈವವಶಾತ್ ಕಾಲುಜಾರಿ..."

"ಏಮಮ್ಮಾ, ದೈವ ಇವತ್ತು ಯಾವ ವಾರ್ಡಲ್ಲಿ ಡ್ಯೂಟಿ? ನೆಲ ಒರೆಸಿದ್ದು ಯಾರು, ಎಷ್ಟೊತ್ತಿಗೆ, ಅದು ಬರಿ."

ಬೈರಕೂರಿನ ರಂಜಿತ ಮಾತ್ರ ಸರಿಯಾಗಿ ಬರೆದಿದ್ದಳು: "ಹತ್ತೂ ಇಪ್ಪತ್ತಕ್ಕೆ ಆಂಜಿನಮ್ಮ ನೆಲ ಒರೆಸಿದರು. 'ನೆಲ ಒದ್ದೆ' ಬೋರ್ಡ್ ಸ್ಟೋರ್ ರೂಮಿನಲ್ಲಿತ್ತು. ಸಾರ್ ನೆಲ ನೋಡದೆ ನಮ್ಮನ್ನು ನೋಡಿಕೊಂಡು ಬಂದರು."

ನನಗೆ ಹೇಳಿಕೊಡಲು ಏನೂ ಉಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು ಪಾಠ ಕೇಳಿದೆ.

ಗಂಗರತ್ನಮ್ಮ ಶಿವಾರಪಟ್ಟಣದ ಶಿಲ್ಪಿಯೊಬ್ಬರ ಮಗಳು. ವಿಗ್ರಹಕ್ಕೆ ಉಳಿಯ ಒಂದೇಟು ತಪ್ಪಿಬಿದ್ದರೆ ಕಲ್ಲಿನ ಪುಡಿ ಮೆತ್ತಿ ಮುಚ್ಚುವವರಿದ್ದರು. ಇವರಪ್ಪ ಅಲ್ಲಿಗೆ ಕೆಮ್ಮಣ್ಣಿನ ಗುರುತು ಹಾಕಿ, ಕೊಳ್ಳಲು ಬಂದವರಿಗೆ ತಾವೇ ತೋರಿಸುತ್ತಿದ್ದರು. ಹೀಗಾಗಿ ಆ ಮನೆಯ ಅಂಗಳದಲ್ಲಿ ಮಾರಾಟವಾಗದ ದೇವರುಗಳಿಗೇನೂ ಕೊರತೆ ಇರಲಿಲ್ಲ. ಮಗಳ ಕೈಗೆ ಕೆಮ್ಮಣ್ಣಿನ ಬದಲು ಕೆಂಪು ಪೆನ್ನು ಬಂತು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ 'ಆಕಸ್ಮಿಕವಾಗಿ', 'ಹೇಗೋ', 'ರೋಗಿ ತಾನಾಗಿಯೇ' ಎಂಬ ಮಾತು ಕಂಡಲ್ಲೆಲ್ಲ ಗೀಟು ಎಳೆದರು. "ಬರೆದೋರಿಗೆ ಶಿಕ್ಷೆ ಇಲ್ಲಮ್ಮಾ. ಇನ್ನೊಬ್ರು ಬೀಳಬಾರ್ದು ಅಂತ ಬರೆಯೋದು" ಎಂದು ಪ್ರತಿ ತರಗತಿಯಲ್ಲೂ ಭರವಸೆ ಕೊಡುತ್ತಿದ್ದರು. ಅಂದೂ ಕೊಟ್ಟರು. ರಂಜಿತ ಅದನ್ನೂ ಬರೆದುಕೊಂಡಳು.

ಎರಡು ತಿಂಗಳಿಗೆ ಏಳನೇ ಮಂಚದಿಂದ ಆವಲಪ್ಪ ಎಂಬ ಮುದುಕರು ಬಿದ್ದು ಸೊಂಟ ಮುರಿದುಕೊಂಡರು. ಡ್ಯೂಟಿಯಲ್ಲಿದ್ದವಳು ರಂಜಿತ. ಕಲಿತಂತೆಯೇ ಬರೆದಳು: "ಮಧ್ಯಾಹ್ನ ಮೂರೂ ಹತ್ತು. ಮಂಚದ ಪಕ್ಕದ ಕಂಬಿಗೆ ಬೋಲ್ಟ್ ಇಲ್ಲ, ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿತ್ತು. ಬೋಲ್ಟ್ ಬೇಕೆಂದು ಎರಡು ಸಲ ಬರೆದುಕೊಟ್ಟಿದ್ದೇನೆ. ಇಪ್ಪತ್ತಾರು ರೋಗಿಗಳಿಗೆ ನಾನೊಬ್ಬಳೇ. ಬಿದ್ದದ್ದನ್ನು ನಾನು ನೋಡಲಿಲ್ಲ, ಸದ್ದು ಕೇಳಿ ಓಡಿಬಂದೆ."

ಮ್ಯಾನೇಜರ್ ಮುರಳಿಮೋಹನ್ ರಂಜಿತಳನ್ನೂ ಗಂಗರತ್ನಮ್ಮನವರನ್ನೂ ಕರೆಸಿದರು.

"ಎಷ್ಟು ಸ್ಪಷ್ಟವಾಗಿ ಬರ್ದಿದ್ದೀಯಮ್ಮಾ! 'ನಾನು ನೋಡಲಿಲ್ಲ.' ನೀನೇ ಒಪ್ಕೊಂಡಿದ್ದೀಯಲ್ಲ. ನಾಳೆಯಿಂದ ಬರ್ಬೇಡ."

ಬೋಲ್ಟಿನ ಸಾಲು ಅವರ ಕಣ್ಣಿಗೆ ಬೀಳಲಿಲ್ಲ. ರಂಜಿತ ಗಂಗರತ್ನಮ್ಮನವರ ಮುಖ ನೋಡಿದಳು. ಅವರಿಗೆ ನಿವೃತ್ತಿಗೆ ಐದು ತಿಂಗಳಿತ್ತು.

ಕಳೆದ ವಾರ ನಾನು ಶುಗರ್ ತೋರಿಸಲು ಆ ಆಸ್ಪತ್ರೆಗೆ ಹೋದಾಗ ಇದನ್ನೆಲ್ಲ ಗಂಗರತ್ನಮ್ಮನವರೇ ಹೇಳಿದರು. ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದು ಕೊಟ್ಟರು. ಅವರದೇ ಅಕ್ಷರ:

"ಘಟನೆ: ರಂಜಿತಳನ್ನು ಕೆಲಸದಿಂದ ತೆಗೆದದ್ದು. ಸ್ಥಳ: ಮ್ಯಾನೇಜರ್ ಕೋಣೆ. ಸಮಯ: ಸಂಜೆ ಐದು. ಅಲ್ಲಿದ್ದವರು: ನಾನು. ನಾನು ಮಾಡಿದ್ದು: ಸುಮ್ಮನೆ ನಿಂತಿದ್ದೆ."

"ಇದನ್ನ ಯಾರಿಗೆ ಕೊಟ್ರಿ?"

"ಮ್ಯಾನೇಜರಿಗೇ ಸಾರ್. ಇದು ನಕಲು. ಅದನ್ನ ಫೈಲಿಗೆ ಹಾಕಿದಾರೆ."

ಗೀಟು ಎಳೆಯಲು ಅದರಲ್ಲಿ ಒಂದು ಪದವೂ ಇರಲಿಲ್ಲ. ಕಂಡದ್ದನ್ನೆಲ್ಲ ನಗೆ ಮಾಡಿ ಮಾರುವ ನಾನು ಹಾಳೆ ಹಿಂದಿರುಗಿಸಿ ಕೇಳಿದೆ: "ಹೋಗ್ಲಿ, ಆ ಮಂಚಕ್ಕೆ ಬೋಲ್ಟಾದ್ರೂ ಹಾಕಿಸಿದ್ರಾ ಸಿಸ್ಟರ್?"

"ಇಲ್ಲ ಸಾರ್. ಬಟ್ಟೆ ಹೊಸದು ಕಟ್ಟಿದಾರೆ."