ಮಬ್ರೂಕಾಳ ಉಣ್ಣೆ

ಮರುಭೂಮಿಯಂಚಿನ ಗಫ್ಸಾ ಊರಿನಲ್ಲಿ ಮೂವತ್ತು ವರ್ಷ ಉಣ್ಣೆ ತೊಳೆದವಳು ಮಬ್ರೂಕಾ. ಅಲ್ಲಿನ ಬಾವಿಗಳದು ಗಡಸು ನೀರು. ಸೋಪು ಉಜ್ಜಿದರೆ ನೊರೆಯ ಬದಲು ಒಡೆದ ಹಾಲಿನಂಥ ಬೂದು ಗಸಿ ಬರುತ್ತಿತ್ತು. ಆ ಗಸಿ ಉಣ್ಣೆಗೆ ಹತ್ತಿ ಕೂರುತ್ತಿತ್ತು. ಆದರೂ ಕೈ ಸವೆಸಿಕೊಂಡು ತೊಳೆಯುತ್ತಿದ್ದ ಅವಳ ಉಣ್ಣೆಯೇ ಊರಿಗೆಲ್ಲ ಮೇಲು.

ಆಮೇಲೆ ಕಡಲತೀರದ ಸ್ಫಾಕ್ಸ್ ಪಟ್ಟಣದಿಂದ ಜನಾತ್ ಸೊಸೆಯಾಗಿ ಪಕ್ಕದ ಮನೆಗೆ ಬಂದಳು. ಅವಳು ತೊಳೆದ ಉಣ್ಣೆ ಕುರಿಮರಿಯ ಮೈಯಷ್ಟು ಬೆಳ್ಳಗೆ. ನೇಕಾರ ಹತ್ತಾಬ್ ಎಂದೂ ಮಬ್ರೂಕಾಳಿಗೇ ಕೊಡುತ್ತಿದ್ದ ಮದುವೆ ಕಂಬಳಿಯ ಉಣ್ಣೆಯನ್ನು ಈ ಸಲ ಇಬ್ಬರಿಗೂ ಅರ್ಧರ್ಧ ತೊಳೆಯಲು ಕೊಟ್ಟ. ಮಬ್ರೂಕಾಳಿಗೆ ಅನ್ನ ಇಳಿಯಲಿಲ್ಲ.

ಜರಡಿ ವಾಪಸು ಕೊಡುವ ನೆಪ ಮಾಡಿ ಅವಳು ಜನಾತ್‌ಳ ಅಂಗಳಕ್ಕೆ ಹೋಗಿ, ಬಾಗಿಲ ಸಂದಿಯಿಂದ ಕಂಡಳು: ಹುಡುಗಿ ನೀರಿಗೆ ಬಿಳಿ ಪುಡಿ ಹಾಕುತ್ತಿದ್ದಾಳೆ! ಅಂಗಡಿಯಲ್ಲಿ ಕೇಳಿದರೆ ಅದು ಬರೀ ಒಗೆಯುವ ಸೋಡಾ. ಮಬ್ರೂಕಾ ಗೆದ್ದೆನೆಂದುಕೊಂಡಳು. ಕುದಿಯುವ ಕೊಪ್ಪರಿಗೆಗೆ ಹತ್ತಾಬ್ ಕೊಟ್ಟ ಉಣ್ಣೆ, ಸೋಪು, ಮೂರು ಹಿಡಿ ಸೋಡಾ ಒಟ್ಟಿಗೇ ಸುರಿದಳು. ಹೊರಬಂದದ್ದು ಹಳದಿಗಟ್ಟಿದ, ಒಣ ಹುಲ್ಲಿನಂತೆ ಒರಟಾದ ಉಣ್ಣೆ.

ಅವಳು ಆ ಕಂತೆಯನ್ನೇ ಹೊತ್ತು ಜನಾತ್‌ಳ ಬಾಗಿಲಿಗೆ ಹೋದಳು. "ಬೇಕಂತಲೇ ನನ್ನ ಕೆಡಿಸ್ದೆ ಅಲ್ವೇನೇ? ಸೋಡಾ ಹಾಕು ಅಂತ ತೋರ್ಸಿ!"

"ನಾನ್ ಯಾವಾಗ ತೋರ್ಸ್ದೆ, ಖಾಲ್ತಿ? ನೀವ್ ಇಣುಕಿದ್ದು!" ಹುಡುಗಿ ನಕ್ಕುಬಿಟ್ಟಳು. ಖಾಲ್ತಿ, ಎಂದರೆ ಚಿಕ್ಕಮ್ಮ, ಎಂದು ತಾನು ಕರೆಯುವವಳ ಮುಖ ನೋಡಿ ನಗು ನಿಲ್ಲಿಸಿದಳು. "ಬನ್ನಿ ಒಳಗೆ."

ಜನಾತ್‌ಳ ತಂದೆ ಉಗಿಬಂಡಿಗಳ ಶೆಡ್ಡಿನಲ್ಲಿ ಕೆಲಸಕ್ಕಿದ್ದವನು. ಗಡಸು ನೀರು ಬಾಯ್ಲರಿನೊಳಗೆ ಕಲ್ಲಾಗಿ ಕಟ್ಟದಂತೆ ಸೋಡಾ ಹಾಕುವುದನ್ನು ಅವನಿಂದಲೇ ಕಲಿತಿದ್ದಳು. "ಈ ನೀರಲ್ಲಿ ಸುಣ್ಣದ ಅಂಶ ಕರಗಿದೆ ಖಾಲ್ತಿ, ಸೋಪನ್ನ ತಿಂದುಬಿಡುತ್ತೆ. ಕುದಿಸಿದ್ರೆ ಅದ್ರಲ್ಲಿ ಒಂದಿಷ್ಟು ತಳಕ್ಕಿಳಿಯುತ್ತೆ, ಉಳಿದದ್ದು ಎಷ್ಟು ಕುದಿಸಿದ್ರೂ ನೀರು ಬಿಡಲ್ಲ. ಸೋಡಾ ಅದನ್ನ ಹಿಡಿದು ಸೀಮೆಸುಣ್ಣ ಮಾಡುತ್ತೆ. ಸ್ವಲ್ಪ ಹಾಕಿ, ಅದು ತಳಕ್ಕೆ ಕೂರೋವರೆಗೂ ಬಿಡಿ, ಮೇಲಿನ ತಿಳಿ ಮಾತ್ರ ತಗೊಳ್ಳಿ. ಉಣ್ಣೆಗೆ ಸೋಡಾ ಹೆಚ್ಚಾದ್ರೆ ವಿಷ. ಬಿಸಿ ಮಾಡಿದ್ರಂತೂ ಮುಗೀತು."

ಕೆಟ್ಟ ಉಣ್ಣೆ ಹಾಸಿಗೆಗೆ ತುಂಬಲಷ್ಟೇ ಆಯಿತು. ಅದರ ಬದಲಿಗೆ ಮಬ್ರೂಕಾ ತನ್ನ ಕುರಿಗಳದೇ ಉಣ್ಣೆಯನ್ನು ಅಷ್ಟೇ ತೂಕಕ್ಕೆ ತೂಗಿ, ಹೇಳಿದಂತೆ ತಿಳಿನೀರಿನಲ್ಲಿ ತೊಳೆದಳು. ಸೋಪು ಬುರುಬುರು ನೊರೆಯಾಯಿತು. ಜೀವಮಾನದಲ್ಲಿ ಅಷ್ಟು ನೊರೆ ಅವಳು ಕಂಡಿರಲಿಲ್ಲ. ಸಂತೋಷ ಪಡಬೇಕೆಂದುಕೊಂಡಳು, ಹೊಟ್ಟೆಯ ಕಿಚ್ಚು ಮಾತ್ರ ಆರಲಿಲ್ಲ. ಇದನ್ನು ಮೊದಲು ಕಂಡವಳು ತಾನಲ್ಲವಲ್ಲ!

ಹತ್ತಾಬ್ ಇಬ್ಬರ ಕಂತೆಗಳನ್ನೂ ಮುಟ್ಟಿ ನೋಡಿ, ಮಬ್ರೂಕಾಳದನ್ನು ಎತ್ತಿ ಹಿಡಿದ. "ಇದು ಜನಾತ್‌ದಾ?"

"ನನ್ದು," ಎಂದಳು ಮಬ್ರೂಕಾ. ಆಮೇಲೆ, ಬಾಯಿಗೆ ಬಾರದ ಮಾತನ್ನು ಎಳೆದು ತಂದಳು: "ವಿದ್ಯೆ ಅವಳ್ದು."

ಬದುಕಿರುವವರೆಗೂ ಅವಳು ಜನಾತ್‌ಳನ್ನು ಹೊಗಳಿದ್ದು ಅದೊಂದೇ ಸಲ.